ಹೆಬ್ಬೂರ್ ಬಸ್ ಬುಡು

ತೈವಾನಿನಲ್ಲಿ ನಾವು ಆಡಿದ್ದು ನಾಲ್ಕು ಪಂದ್ಯ, ಗೆದ್ದದ್ದು ಒಂದು. ಊರಿಗೆ ವಾಪಸ್ಸು ಬಂದ ಮೇಲೆ ಯಾರು ಕೇಳಿದರೂ ಇಷ್ಟನ್ನೇ ಹೇಳುತ್ತಿದ್ದೆ. ಕೇಳಿದವರ ಮುಖ ಒಂದು ಚೂರು ಬಾಡುತ್ತಿತ್ತು. ನನ್ನದು ಬಾಡುತ್ತಿರಲಿಲ್ಲ. ಆ ಒಂದು ಪಂದ್ಯ ನಮ್ಮ ಕೈಗೆ ಹೇಗೆ ಬಂತು ಅನ್ನುವುದು ನನಗೆ ಗೊತ್ತಿತ್ತು.

ನಮ್ಮದು ಹೆಬ್ಬೂರಿಗೂ ಕುಣಿಗಲ್ಲಿಗೂ ನಡುವಿನ ಹಳ್ಳಿ. ಎರಡು ಎಕರೆ ರಾಗಿ ಹೊಲ, ಮನೆ ಹಿಂದೆ ಒಂದಿಷ್ಟು ತೆಂಗಿನ ಮರ, ಕೊಟ್ಟಿಗೆಯಲ್ಲಿ ಮೂರು ಸೀಮೆಹಸು. ಅಪ್ಪ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದುದರಿಂದ ಹಾಲು ಕರೆಯುವುದು ಅಮ್ಮನ ಮತ್ತು ನನ್ನ ಪಾಲಿಗೆ ಬಂದಿತ್ತು. ಆರನೇ ಕ್ಲಾಸಿನಿಂದ ದಿನಾ ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು, ಬಕೆಟ್ಟನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಎರಡು ಹಸು ಕರೆದವಳು ನಾನು. ಅದರಲ್ಲಿ ಒಂದಕ್ಕೆ ಒದೆಯುವ ಚಟ. ಅದರ ಕಾಲು ಎದ್ದಾಗ ಕಣ್ಣು ಮುಚ್ಚಿದೆವೋ, ಬಕೆಟ್ಟೂ ಹೋಯಿತು, ಹಲ್ಲೂ ಹೋಯಿತು. ಕಣ್ಣು ಬಿಟ್ಟುಕೊಂಡೇ ಇರಬೇಕು, ಕಾಲು ಎತ್ತ ಬರುತ್ತದೆ ಅಂತ ನೋಡುತ್ತಲೇ ಇರಬೇಕು.

ಕುಣಿಗಲ್ಲಿನ ನಮ್ಮ ಹೈಸ್ಕೂಲಿನ ಪಿ.ಟಿ. ಮೇಡಂಗೆ ಬೇಸ್‌ಬಾಲ್ ಅಂದರೆ ಪ್ರಾಣ. ಕೆರೆ ಏರಿಯ ಕೆಳಗಿನ ಬಯಲಿನಲ್ಲಿ ನಾಲ್ಕು ಮೂಲೆಗೆ ಮಣ್ಣು ತುಂಬಿದ ಗೋಣಿಚೀಲ ಇಡಿಸಿ, ಚೆಂಡು ಹೊಡೆದು ಆ ಮೂಲೆಗಳನ್ನು ಸುತ್ತಿ ಬರುವುದನ್ನು ನಮಗೆ ಕಲಿಸಿದರು. ನಾನು ಓಟದಲ್ಲಿ ನಿಧಾನ, ಹೊಡೆಯುವುದರಲ್ಲಿ ಸುಮಾರು. ಟೀಮಿಗೆ ಜನ ಸಾಲದೆ ನನ್ನನ್ನು ಸೇರಿಸಿಕೊಂಡಿದ್ದರು ಅಂದರೂ ತಪ್ಪಿಲ್ಲ.

ಜಿಲ್ಲಾ ಮಟ್ಟದ ಆಯ್ಕೆ ತುಮಕೂರಿನಲ್ಲಿ ನಡೆಯಿತು. ಅಲ್ಲಿ ಗುಬ್ಬಿ ತಾಲ್ಲೂಕಿನಿಂದ ಬಂದಿದ್ದ ಒಬ್ಬಳು ಎತ್ತರದ ಹುಡುಗಿ ಚೆಂಡು ಎಸೆಯುತ್ತಿದ್ದಳು. ಬೇಸ್‌ಬಾಲಿನಲ್ಲಿ ಎಸೆಯುವವಳನ್ನು ಪಿಚರ್ ಅನ್ನುತ್ತಾರೆ. ಬ್ಯಾಟು ಹಿಡಿದವಳ ಹಿಂದೆ ಕುಕ್ಕರಗಾಲಲ್ಲಿ ಕೂತು ಆ ಚೆಂಡನ್ನು ಹಿಡಿಯುವವಳು ಕ್ಯಾಚರ್. ಗುಬ್ಬಿಯವಳ ಚೆಂಡು ಎಷ್ಟು ಜೋರಾಗಿತ್ತೆಂದರೆ ಹೊಡೆಯುವವರ ಮಾತು ಹಾಗಿರಲಿ, ಹಿಡಿಯುವವರೇ ಇರಲಿಲ್ಲ. ಒಬ್ಬಳು ಕ್ಯಾಚರ್ ಮುಖ ತಿರುಗಿಸಿಕೊಂಡಳು, ಇನ್ನೊಬ್ಬಳ ಹೆಬ್ಬೆರಳು ಊದಿಕೊಂಡಿತು. ಮೂರನೆಯವಳು ಅಳುತ್ತಾ ಎದ್ದುಹೋದಳು.

"ಯಾರು ಕೂರ್ತೀರಿ?" ಅಂತ ನಮ್ಮ ಮೇಡಂ ಎಲ್ಲರ ಮುಖ ನೋಡಿದರು. ಯಾರೂ ಮಿಸುಕಲಿಲ್ಲ. ನಾನು ಹೇಗೂ ಆಯ್ಕೆಯಾಗುವುದಿಲ್ಲ ಅಂತ ನನಗೆ ಗೊತ್ತಿದ್ದುದರಿಂದ ಕೈ ಎತ್ತಿದೆ. ಮುಖಕ್ಕೆ ಜಾಲರಿ, ಎದೆಗೆ ಪ್ಯಾಡು ಕಟ್ಟಿ ಕೂರಿಸಿದರು. ಮೊದಲನೇ ಚೆಂಡು ಗ್ಲೌಸಿಗೆ ಬಂದು ಬಿದ್ದಾಗ ಅಂಗೈ ಬೆಂಕಿ ಹತ್ತಿದ ಹಾಗಾಯಿತು. ಆದರೆ ಚೆಂಡು ಅಲ್ಲೇ ಇತ್ತು. ಎರಡನೆಯದೂ ಹಿಡಿದೆ. ಇಪ್ಪತ್ತು ಹಿಡಿದ ಮೇಲೆ ಮೇಡಂ ಹತ್ತಿರ ಬಂದು ಬಗ್ಗಿ, "ಕಣ್ಣೇ ಮಿಟುಕಿಸಲ್ವಲ್ಲೇ ನೀನು. ಯಾರ್ ಹೇಳ್ಕೊಟ್ರು?" ಅಂದರು.

"ನಮ್ ಹಸ ಒದೀತದೆ ಮೇಡಂ," ಅಂದೆ. ಅವರು ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಂಡರು.

ಅಲ್ಲಿಂದ ಮೂರು ವರ್ಷ ಪ್ರತಿ ಭಾನುವಾರ ತುಮಕೂರಿನ ಮೈದಾನಕ್ಕೆ ಅವಳು ಗುಬ್ಬಿಯಿಂದ, ನಾನು ಹೆಬ್ಬೂರ್ ಮೇಲೆ ಬರುವ ಬಸ್ಸಿನಲ್ಲಿ ಬರುತ್ತಿದ್ದೆವು. ಅವಳ ಅಪ್ಪ ಸೈಕಲ್ ಶಾಪು ಇಟ್ಟುಕೊಂಡಿದ್ದರು. ಮಾತು ಕಮ್ಮಿ ಅವಳದು. ನನಗೆ ಮಾತು ಜಾಸ್ತಿ, ಅದು ಕ್ಯಾಚರ್‌ಗೆ ಬೇಕಾದ ಗುಣವೇ. ಮುಂದಿನ ಚೆಂಡು ಎಲ್ಲಿಗೆ ಬೀಳಬೇಕು, ಜೋರಾಗಿ ಬರಬೇಕೋ ನಿಧಾನವಾಗಿ ಬರಬೇಕೋ ಅನ್ನುವುದನ್ನು ತೀರ್ಮಾನಿಸಿ, ತೊಡೆಗಳ ನಡುವೆ ಬೆರಳು ತೋರಿಸಿ ಪಿಚರ್‌ಗೆ ತಿಳಿಸುವವಳು ಕ್ಯಾಚರ್. ಮೈದಾನದಲ್ಲಿ ಎಲ್ಲರೂ ಒಂದು ಕಡೆ ಮುಖ ಮಾಡಿ ನಿಂತಿರುತ್ತಾರೆ. ಅವರೆಲ್ಲರ ಎದುರಿಗೆ ಕೂತಿರುವವಳು ಅವಳೊಬ್ಬಳೇ.

ನಾನು ಸೆಕೆಂಡ್ ಪಿಯುಸಿಯಲ್ಲಿದ್ದ ವರ್ಷ ಜೂನಿಯರ್ ಹುಡುಗಿಯರ ಭಾರತ ತಂಡವೊಂದು ತೈವಾನಿಗೆ ಹೋಗುವುದಿತ್ತು. ಶಿಬಿರ ಮುಗಿದು ಹದಿನೆಂಟು ಜನರ ಪಟ್ಟಿ ಬಂದಾಗ ಕರ್ನಾಟಕದಿಂದ ಇದ್ದದ್ದು ನಾವಿಬ್ಬರು. ಉಳಿದವರು ಹರಿಯಾಣ, ಪಂಜಾಬ್, ಮಹಾರಾಷ್ಟ್ರ, ಕೇರಳದವರು. ನಮ್ಮ ಹೆಸರುಗಳು ಒಂದೇ ಥರ ಇವೆ ಅಂತ ಅವರು ನಮ್ಮನ್ನು ಗುಬ್ಬಿ, ಕುಣಿಗಲ್ ಅಂತಲೇ ಕರೆದರು. ಗುಬ್ಬಿ ಅಂದರೆ ಗುಬ್ಬಚ್ಚಿ ಅಂತಲೂ ಅರ್ಥ ಅಂತ ನಾನು ಬಾಯಿ ಬಿಟ್ಟು ಹೇಳಿದ್ದೇ ತಡ, ಐದು ಅಡಿ ಒಂಬತ್ತು ಅಂಗುಲದ ಆ ಹುಡುಗಿ ಎಲ್ಲರ ಬಾಯಲ್ಲಿ ಚಿಡಿಯಾ ಆದಳು. ಅವಳು ಒಂದು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಪಾಸ್‌ಪೋರ್ಟ್ ವಿಚಾರಣೆಗೆ ಮನೆಗೆ ಬಂದ ಪೊಲೀಸಿನವರು ಅಮ್ಮ ಕೊಟ್ಟ ಕಾಫಿ ಕುಡಿದು, "ಮಗಳನ್ನ ಒಬ್ಳೇ ಕಳಿಸ್ತೀರಾ ಅಷ್ಟ್ ದೂರ?" ಅಂತ ಕೇಳಿದರು.

"ಒಬ್ಳೇ ಎಲ್ ಸಾ, ಹದ್ನೆಂಟ್ ಜನ ಅವ್ರೆ," ಅಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಹೋಗ್ಬುಟ್ ಬಾ. ಹಸ ನಾನ್ ನೋಡ್ಕತೀನಿ. ಆ ಒದೆಯೋದ್ನ ಮಾತ್ರ ನಿಮ್ಮಪ್ಪನ್ ಕೈಲಿ ಕರೆಸ್ತೀನಿ."

ತೈವಾನಿನ ಮೈದಾನ ನೋಡಿ ನಾವು ಶೂ ಕಳಚಿ ಒಳಗೆ ಹೋಗಬೇಕೇನೋ ಅಂದುಕೊಂಡೆವು, ಅಷ್ಟು ನೀಟು. ಕೆಂಪು ಮಣ್ಣನ್ನು ಜರಡಿ ಹಿಡಿದು ಹಾಸಿದ ಹಾಗಿತ್ತು. ನಮ್ಮ ಎದುರಾಳಿಗಳು ಒಂದು ಹೈಸ್ಕೂಲಿನ ಹುಡುಗಿಯರು, ನಮಗಿಂತ ಗಿಡ್ಡ, ಸಣಕಲು. ಅಭ್ಯಾಸಕ್ಕೆ ಮುಂಚೆ ಬಗ್ಗಿ ಮೈದಾನಕ್ಕೆ ನಮಸ್ಕಾರ ಮಾಡಿದರು, ನಮಗೂ ಮಾಡಿದರು. ಆಮೇಲೆ ನಮ್ಮನ್ನು ಹದಿನೇಳು ರನ್‌ಗಳಿಂದ ಸೋಲಿಸಿದರು. ನಮ್ಮದು ಸೊನ್ನೆ. ಏಳು ಇನಿಂಗ್ಸ್ ಆಡಬೇಕಾದ ಪಂದ್ಯ ಐದಕ್ಕೇ ನಿಂತಿತು. ಅಂತರ ವಿಪರೀತವಾದರೆ ಆಟ ನಿಲ್ಲಿಸುವ ನಿಯಮ ಇದೆ, ದಯೆಯ ನಿಯಮ ಅಂತ ಅದಕ್ಕೆ ಹೆಸರು. ಆ ದಯೆ ನನಗೆ ಬೇಕಿರಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಗುಬ್ಬಿಗೂ ನನಗೂ ಜಗಳವಾಯಿತು.

"ನಾನ್ ಹೊರಗ್ ಕೇಳಿದ್ರೆ ನೀನ್ ನಡೂಕ್ ಹಾಕ್ದೆ," ಅಂದೆ.

"ನೀನ್ ಮೂರ್ ಬಾಲ್ ಹಿಂದಕ್ ಬುಟ್ಟೆ," ಅಂದಳು. ಎರಡೂ ನಿಜವೇ. ಉಳಿದ ದಾರಿಯೆಲ್ಲಾ ಅವಳು ಒಂದು ಕಿಟಕಿ, ನಾನು ಒಂದು ಕಿಟಕಿ ನೋಡುತ್ತಾ ಕೂತೆವು.

ಮಾರನೇ ದಿನ ತಿಂಡಿಗೆ ಅವಳೇ ಬಂದು ನನ್ನ ಎದುರು ತಟ್ಟೆ ಇಟ್ಟಳು. ಸ್ವಲ್ಪ ಹೊತ್ತು ಅನ್ನ ಕೆದಕಿ, "ನಾನ್ ಎಸೆಯೋಕ್ ಮುಂಚೇನೇ ಅವ್ರಿಗ್ ಗೊತ್ತಾಗ್ತಿತ್ತು ಕಣೇ," ಅಂದಳು. "ಸ್ಲೋ ಬಾಲ್‌ಗೆ ಒಬ್ಳೂ ಮೋಸ ಹೋಗ್ಲಿಲ್ಲ. ನಮ್ಮೂರಲ್ಲಿ ಎಲ್ರೂ ಹೋಗ್ತಾರೆ. ಹೆಂಗ್ ಗೊತ್ತಾಗುತ್ತೆ?"

ನಾನು ಆ ಪ್ರಶ್ನೆಯನ್ನು ಇಟ್ಟುಕೊಂಡೇ ಎರಡನೇ ಪಂದ್ಯಕ್ಕೆ ಹೋದೆ. ಅದು ಬೇರೆ ಊರಿನ ತಂಡ. ಮೂರು ಇನಿಂಗ್ಸ್ ಮುಗಿಯುವಷ್ಟರಲ್ಲಿ ಐದು ರನ್ ಕೊಟ್ಟಿದ್ದೆವು. ಆಗ ಕಂಡಿತು. ಗುಬ್ಬಿಯ ಬೆನ್ನ ಹಿಂದೆ, ಎರಡನೇ ಮೂಲೆಯಲ್ಲಿ ಅವರ ಓಟಗಾರ್ತಿ ನಿಂತಿದ್ದಾಳಲ್ಲ, ಅವಳಿಗೆ ನನ್ನ ಬೆರಳು ಸ್ಪಷ್ಟವಾಗಿ ಕಾಣುತ್ತದೆ. ಜೋರು ಚೆಂಡಿಗೆ ಒಂದು ಬೆರಳು ತೋರಿಸಿದರೆ ಸುಮ್ಮನಿರುತ್ತಾಳೆ. ನಿಧಾನದ್ದಕ್ಕೆ ಎರಡು ತೋರಿಸಿದರೆ ಹೆಲ್ಮೆಟ್ ಮುಟ್ಟಿಕೊಳ್ಳುತ್ತಾಳೆ. ನನ್ನ ಮುಂದೆ ನಿಂತ ಬ್ಯಾಟಿನವಳು ಅದನ್ನು ನೋಡಿ ತಯಾರಾಗುತ್ತಾಳೆ. ಮೋಸ ಏನಲ್ಲ, ಆಟದಲ್ಲಿ ಇದು ನಡೆಯುತ್ತದೆ. ನಮಗೆ ಗೊತ್ತಿರಲಿಲ್ಲ ಅಷ್ಟೆ.

ನಾನು ಆಟ ನಿಲ್ಲಿಸಲು ಅಂಪೈರ್ ಹತ್ತಿರ ಟೈಮ್ ಕೇಳಿ ಗುಬ್ಬಿಯ ಹತ್ತಿರ ನಡೆದು ವಿಷಯ ಹೇಳಿದೆ. ಸನ್ನೆ ಬದಲಾಯಿಸೋಣ ಅಂದರೆ ಹೊಸದನ್ನು ಅಲ್ಲೇ ನಿಂತು ಕಲಿಯುವಷ್ಟು ಹೊತ್ತಿಲ್ಲ. ಅವಳು ಕೈಯಲ್ಲಿದ್ದ ಚೆಂಡು ತಿರುಗಿಸುತ್ತಾ, "ಕೈ ತೋರ್ಸೋದೇ ಬುಡು," ಅಂದಳು. "ಬಾಯಲ್ಲೇ ಹೇಳು. ಇಲ್ಲಿ ಯಾರಿಗ್ ಕನ್ನಡ ಬರುತ್ತೆ?"

ಹಾಗೆ ಶುರುವಾಯಿತು. ನಾನು ಕೂತಲ್ಲಿಂದ "ಒಳಗೆ, ಜೋರು" ಅಂತ ಕೂಗಿದೆ. ಬ್ಯಾಟಿನವಳ ಮೈಗೆ ಹತ್ತಿರವಾಗಿ ಚೆಂಡು ಬಂತು, ಅವಳು ತಬ್ಬಿಬ್ಬಾದಳು. ಇನ್ನಿಬ್ಬರು ಔಟಾದರು. ಆದರೆ ಆ ಹುಡುಗಿಯರ ಕಿವಿ ಬಲು ಚುರುಕು. ಮುಂದಿನ ಇನಿಂಗ್ಸಿನಲ್ಲಿ ನಾನು "ಒಳಗೆ" ಅನ್ನುತ್ತಿದ್ದ ಹಾಗೇ ಒಬ್ಬಳು ಅರ್ಧ ಹೆಜ್ಜೆ ಹಿಂದೆ ಸರಿದು ನಿಂತಳು. ಅರ್ಥ ಗೊತ್ತಿಲ್ಲದಿದ್ದರೂ ಆ ಸದ್ದು ಬಂದರೆ ಚೆಂಡು ಎಲ್ಲಿಗೆ ಬರುತ್ತದೆ ಅನ್ನುವುದನ್ನು ಅವಳು ಹಿಡಿದುಬಿಟ್ಟಿದ್ದಳು.

ಅಂದರೆ ಒಂದೇ ಮಾತು ಎರಡು ಸಲ ಆಡುವಂತಿಲ್ಲ. ಬಾಯಿಗೆ ಬಂದದ್ದನ್ನು ಆಡಬೇಕು, ಅದು ಗುಬ್ಬಿಗೆ ಮಾತ್ರ ತಿಳಿಯಬೇಕು. ಒಳಗೆ ಅನ್ನುವುದಕ್ಕೆ "ಕೊಟ್ಟಿಗೇಗ್ ಕಟ್ಟು" ಅಂದೆ. ಹೊರಗೆ ಅನ್ನುವುದಕ್ಕೆ "ಬೀದೀಗ್ ಅಟ್ಟು." ಕೆಳಕ್ಕೆ ಬೇಕಾದಾಗ "ಕೆರೇಗ್ ಇಳಿ", ಮೇಲಕ್ಕಾದರೆ "ಅಟ್ಟಕ್ ಹತ್ತು." ಜೋರು ಚೆಂಡಿಗೆ "ಹೈವೇ." ನಿಧಾನದ ಚೆಂಡಿಗೆ ಏನು ಹೇಳಲಿ ಅಂತ ಒಂದು ಕ್ಷಣ ತಡವರಿಸಿದಾಗ ನನ್ನ ಬಾಯಿಗೆ ಬಂದದ್ದು "ಹೆಬ್ಬೂರ್ ಬಸ್ ಬುಡು." ಆ ಬಸ್ಸು ಕೈ ಅಡ್ಡ ಹಾಕಿದವರಿಗೆಲ್ಲಾ ನಿಲ್ಲುತ್ತದೆ, ಹಾಲಿನ ಕ್ಯಾನಿಗೆ ನಿಲ್ಲುತ್ತದೆ, ಡ್ರೈವರಿಗೆ ಪರಿಚಯದವರು ಕಂಡರೆ ನಿಲ್ಲುತ್ತದೆ. ಗುಬ್ಬಿ ಅದರಲ್ಲಿ ಒಂದೆರಡು ಸಲ ನಮ್ಮ ಮನೆಗೆ ಬಂದಿದ್ದಳು. ಅವಳ ತುಟಿ ಒಂದು ಚೂರು ಕೊಂಕಿತು. ತೋಳು ಮೊದಲಿನಷ್ಟೇ ರಭಸವಾಗಿ ಬೀಸಿತು, ಚೆಂಡು ಮಾತ್ರ ತೇಲಿಕೊಂಡು ಬಂತು. ಬ್ಯಾಟಿನವಳು ಚೆಂಡು ಬರುವ ಮುಂಚೆಯೇ ಬೀಸಿ, ಬೀಸಿದ ಬ್ಯಾಟಿನ ಹಿಂದೆ ತಾನೇ ಒಂದು ಸುತ್ತು ತಿರುಗಿದಳು.

ಆಗ ನನ್ನ ಹಿಂದೆ ನಿಂತಿದ್ದ ಅಂಪೈರ್ ಆಟ ನಿಲ್ಲಿಸಿದರು. ನಮ್ಮ ಕಡೆಯ ಬೆಂಚಿನಿಂದ ಹರಿಯಾಣದ ಕೋಚ್ ಸರ್ ಎದ್ದು, "ಕ್ಯಾ ಬೋಲ್ ರಹೀ ಹೋ ತುಮ್?" ಅಂತ ಕೇಳುತ್ತಾ ಓಡಿ ಬಂದರು. ದುಭಾಷಿಯಾಗಿದ್ದ ಕಾಲೇಜು ಹುಡುಗಿಯನ್ನು ಕರೆಸಲಾಯಿತು. ಅವಳು ಅಂಪೈರ್ ಮಾತು ಕೇಳಿಕೊಂಡು ನನಗೆ ಇಂಗ್ಲಿಷಿನಲ್ಲಿ ಹೇಳಿದಳು: ನೀವು ಬ್ಯಾಟ್ ಮಾಡುವವರನ್ನು ಬಯ್ಯುತ್ತಿದ್ದೀರಾ ಅಂತ ಕೇಳುತ್ತಿದ್ದಾರೆ.

ತಂಡದ ಹೆಸರಿಗೆ ಮಸಿ ಬಳಿದೆನೇನೋ ಅನ್ನಿಸಿತು. ಬರುವ ಅರ್ಧಂಬರ್ಧ ಇಂಗ್ಲಿಷಿನಲ್ಲಿ, ಬಯ್ಯುತ್ತಿಲ್ಲ, ನನ್ನ ಗೆಳತಿಗೆ ನಮ್ಮ ಊರಿನ ಮಾತಿನಲ್ಲಿ ಚೆಂಡು ಎಲ್ಲಿಗೆ ಹಾಕಬೇಕು ಅಂತ ಹೇಳುತ್ತಿದ್ದೇನೆ ಅಂದೆ. ಹಿಂದಿಯಾ ಅಂತ ಕೇಳಿದರು. ಅಲ್ಲ, ಕನ್ನಡ ಅಂದೆ. ಕೋಚ್ ಸರ್ ಕೂಡ ಆಗಲೇ ಅರ್ಥ ಮಾಡಿಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟರು. ಅಂಪೈರ್ ಸ್ವಲ್ಪ ಯೋಚಿಸಿ, ಏನನ್ನೋ ಹೇಳಿ ಮುಖದ ಜಾಲರಿ ಹಾಕಿಕೊಂಡರು. ದುಭಾಷಿ ಹುಡುಗಿ ನಕ್ಕಳು. "ನಿಯಮದಲ್ಲಿ ಇದಕ್ಕೆ ಅಡ್ಡಿ ಇಲ್ಲವಂತೆ. ಆದರೆ ಸ್ವಲ್ಪ ಮೆಲ್ಲಗೆ ಕೂಗಬೇಕಂತೆ, ಅವರ ಕಿವಿ ನಿಮ್ಮ ಹತ್ತಿರವೇ ಇದೆ."

ಆ ಪಂದ್ಯ ಐದಕ್ಕೆ ನಾಲ್ಕು ರನ್ನಿನಲ್ಲಿ ಸೋತೆವು. ಆದರೆ ಕನ್ನಡ ಶುರುವಾದ ಮೇಲೆ ಅವರು ಒಂದೇ ಒಂದು ರನ್ ಹೊಡೆದಿರಲಿಲ್ಲ. ಬಸ್ಸು ಹತ್ತುವಾಗ ಕೋಚ್ ಸರ್ ನಮ್ಮಿಬ್ಬರನ್ನೂ ತಡೆದು, ನಾಳೆಯೂ ಹೀಗೇ ಮಾಡಿ ಅಂದರು. ಹೊಗಳುವ ಅಭ್ಯಾಸ ಇರದ ಮನುಷ್ಯ. ಅಷ್ಟೇ ನಮಗೆ ಸಾಕಾಗಿತ್ತು.

ಮೂರನೇ ಪಂದ್ಯ ಮೊದಲನೇ ದಿನದ ತಂಡದ ಜೊತೆಗೇ ಇತ್ತು, ನಮಗೆ ಹದಿನೇಳು ರನ್ ಬಾರಿಸಿದ್ದವರು. ಅವತ್ತು ಅವರು ತಮ್ಮ ಮೊದಲನೇ ಪಿಚರ್‌ಗೆ ವಿಶ್ರಾಂತಿ ಕೊಟ್ಟಿದ್ದರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆದರೂ ಅವರು ಅವರೇ. ಪಂದ್ಯದ ಉದ್ದಕ್ಕೂ ನಾನು ನಮ್ಮ ತಾಲ್ಲೂಕನ್ನೆಲ್ಲಾ ಆ ಮೈದಾನಕ್ಕೆ ಕರೆದೆ. ಸಂತೆ ಬಂತು, ತೆಂಗಿನ ತೋಟ ಬಂತು, ಪಕ್ಕದ ಮನೆಯ ಅಜ್ಜಿಯ ಜಗುಲಿ ಬಂತು. ಗುಬ್ಬಿ ಒಂದಕ್ಕೂ ಗೊಂದಲಪಡಲಿಲ್ಲ. ಅವಳಿಗೆ ತಿಳಿಯದೇ ಹೋದದ್ದು ಒಂದೇ ಸಲ. ನಾನು "ಮುದ್ದೆ ಮುರಿ" ಅಂದಾಗ ಅವಳು ಎಸೆಯುವುದು ಬಿಟ್ಟು ನನ್ನನ್ನೇ ನೋಡುತ್ತಾ ನಿಂತಳು. ಅದು ಏನು ಅಂತ ನನಗೂ ಗೊತ್ತಿರಲಿಲ್ಲ, ಹಸಿವಾಗಿತ್ತು.

ಕೊನೆಯ ಇನಿಂಗ್ಸಿಗೆ ಬಂದಾಗ ನಮ್ಮದು ಮೂರು, ಅವರದು ಎರಡು. ಇಬ್ಬರು ಔಟಾಗಿದ್ದರು. ಮೂರನೇ ಮೂಲೆಯಲ್ಲಿ ಒಬ್ಬಳು ಓಡಲು ಸಿದ್ಧವಾಗಿ ನಿಂತಿದ್ದಳು, ಅವಳು ನಾನು ಕೂತಿದ್ದ ಕೊನೆಯ ಮೂಲೆ ತಲುಪಿದರೆ ಸಮ. ಬ್ಯಾಟು ಹಿಡಿದವಳು ಅವರ ತಂಡದಲ್ಲೇ ಜೋರಿನವಳು. ಇನ್ನೊಂದು ಸಲ ಬೀಸಿ ತಪ್ಪಿದರೆ ಅವಳು ಔಟು, ನಾವು ಗೆದ್ದಂತೆ.

"ಹೆಬ್ಬೂರ್ ಬಸ್ ಬುಡು," ಅಂದೆ.

ಗುಬ್ಬಿ ತಲೆ ಅಡ್ಡಡ್ಡ ಆಡಿಸಿದಳು. ಮೂರು ವರ್ಷದಲ್ಲಿ ಅವಳು ನನಗೆ ಬೇಡ ಅಂದದ್ದು ಕಮ್ಮಿ. ಟೈಮ್ ಕೇಳಿ ಎದ್ದು ಹೋದೆ. ಅವಳ ಮುಖದಲ್ಲಿ ಬೆವರು ಹರಿಯುತ್ತಿತ್ತು.

"ಬಸ್ ಬುಟ್ರೆ ಹೊಡೀತಾಳೆ ಕಣೇ. ಜೋರಾಗ್ ಹಾಕ್ತೀನಿ. ಇವತ್ತ್ ನನ್ ಕೈ ಚೆನ್ನಾಗೈತೆ."

"ಅವ್ಳು ಕಾಯ್ತಿರೋದೇ ನಿನ್ ಜೋರ್ನ," ಅಂದೆ. "ಅವ್ಳ್ ಮುಂಗಾಲ್ ನೋಡಿದೀನಿ, ನೀನ್ ಕೈ ಎತ್ತೋಕ್ ಮುಂಚೇನೇ ಊರ್ತಾಳೆ. ನಿಂಗ್ ಅಲ್ಲಿಂದ ಕಾಣಲ್ಲ. ನಂಗ್ ಕಾಣುತ್ತೆ."

"ನೆಲಕ್ ಬಿದ್ರೆ? ಮೂರ್ನೇದ್ರಲ್ಲಿ ನಿಂತಿರೋಳು ಓಡ್ಬುಡ್ತಾಳೆ."

"ನೆಲಕ್ ಬಿದ್ರೆ ನಾನಿಲ್ವಾ."

ಅವಳು ನನ್ನನ್ನು ನೋಡಿದಳು. ಆಮೇಲೆ ಕೈಯಿಂದ ನನ್ನ ಎದೆಯ ಪ್ಯಾಡನ್ನು ಒಂದು ಸಲ ತಟ್ಟಿ, ಹೋಗು ಅಂದಳು.

ಚೆಂಡು ತೇಲಿಕೊಂಡು ಬಂದು ಕೊನೆಯಲ್ಲಿ ತಗ್ಗಿತು. ಬ್ಯಾಟಿನವಳು ಮುಂಚೆಯೇ ಬೀಸಿ ತಪ್ಪಿದಳು. ಆದರೆ ಗುಬ್ಬಿ ಹೆದರಿದ ಹಾಗೇ ಚೆಂಡು ನೆಲಕ್ಕೆ ಬಿದ್ದು ಪುಟಿಯಿತು. ಆಟದ ನಿಯಮ ಹೀಗಿದೆ: ಕೊನೆಯ ಆ ಚೆಂಡು ಕ್ಯಾಚರ್ ಕೈಗೆ ಸಿಗದೆ ನೆಲ ಮುಟ್ಟಿದರೆ ಬ್ಯಾಟಿನವಳು ಇನ್ನೂ ಔಟಲ್ಲ, ಓಡಬಹುದು. ನಾನು ಗ್ಲೌಸು ಚಾಚಲಿಲ್ಲ, ಮಂಡಿಯೂರಿ ಮೈಯನ್ನೇ ಅಡ್ಡ ಕೊಟ್ಟೆ. ಚೆಂಡು ಪ್ಯಾಡಿನ ಮೇಲೆ, ಕೊರಳ ಮೂಳೆಯ ಹತ್ತಿರ ಬಡಿದು ನನ್ನ ಮುಂದೆಯೇ ಧೊಪ್ಪೆಂದು ಬಿತ್ತು. ಬ್ಯಾಟಿನವಳು ಮೊದಲನೇ ಮೂಲೆಯ ಕಡೆ ಓಡುತ್ತಿದ್ದಳು. ಮೂರನೇ ಮೂಲೆಯವಳು ನನ್ನ ಮೇಲೆಯೇ ಓಡಿ ಬರುತ್ತಿದ್ದಳು. ಅವಳ ಕಡೆ ನೋಡಲಿಲ್ಲ; ಬ್ಯಾಟಿನವಳು ಮೂಲೆ ಮುಟ್ಟುವ ಮುಂಚೆ ಔಟಾದರೆ ಇವಳ ರನ್ ಲೆಕ್ಕಕ್ಕಿಲ್ಲ. ಬರಿಗೈಯಲ್ಲಿ ಚೆಂಡು ಎತ್ತಿ ಮೊದಲನೇ ಮೂಲೆಗೆ ಎಸೆದೆ. ಅಲ್ಲಿ ನಿಂತಿದ್ದ ಹರಿಯಾಣದ ಹುಡುಗಿ ಇಡೀ ಮೈ ಚಾಚಿ ಹಿಡಿದಳು. ಅಲ್ಲಿನ ಅಂಪೈರ್ ಮುಷ್ಟಿ ಎತ್ತಿದರು, ಔಟು.

ಮೇಲೆದ್ದಾಗ ಗುಬ್ಬಿ ನನ್ನ ಕಡೆ ಓಡಿ ಬರುತ್ತಿದ್ದಳು. ಮಾತೇ ಆಡದವಳು ಏನೇನೋ ಹೇಳುತ್ತಿದ್ದಳು, ಒಂದೂ ನನಗೆ ನೆನಪಿಲ್ಲ. ಹದಿನೆಂಟು ಜನ ಒಬ್ಬರ ಮೇಲೊಬ್ಬರು ಬಿದ್ದಿದ್ದೆವು. ಬೆಂಚಿನ ಹತ್ತಿರ ಕೋಚ್ ಸರ್ ಟೋಪಿ ತೆಗೆದು ಮುಖಕ್ಕೆ ಒತ್ತಿ ಹಿಡಿದುಕೊಂಡಿದ್ದರು. ಕೊರಳ ಹತ್ತಿರ ಊದಿಕೊಂಡದ್ದು ನನಗೆ ತಿಳಿದದ್ದು ಜರ್ಸಿ ಬಿಚ್ಚುವಾಗಲೇ.

ಸ್ವಲ್ಪ ಹೊತ್ತಾದ ಮೇಲೆ ಅವರ ತಂಡದ ಕ್ಯಾಚರ್ ದುಭಾಷಿ ಹುಡುಗಿಯನ್ನು ಕರೆದುಕೊಂಡು ನನ್ನನ್ನು ಹುಡುಕಿ ಬಂದಳು. ಕೊನೆಯ ಚೆಂಡಿಗೆ ಮುಂಚೆ ನೀನು ಏನು ಹೇಳಿದೆ ಅಂತ ಅವಳಿಗೆ ಗೊತ್ತಾಗಬೇಕಿತ್ತು. ಒಂದು ಊರಿನ ಬಸ್ಸಿನ ಹೆಸರು ಅಂದೆ. ದುಭಾಷಿ ನಂಬದೆ ಎರಡು ಸಲ ಕೇಳಿದಳು. ಅದು ಯಾಕೆ ನಿಧಾನ ಅನ್ನುವುದನ್ನೂ ವಿವರಿಸಿದ ಮೇಲೆ ಆ ಕ್ಯಾಚರ್ ಮಂಡಿಗೆ ಕೈಯೂರಿ ನಕ್ಕಳು. ಅವರ ಊರಿನಲ್ಲೂ ಅಂಥ ಒಂದು ಬಸ್ಸು ಇದೆಯಂತೆ. ನನ್ನ ಮೊಣಕಾಲು ತೋರಿಸಿ, ತನ್ನದನ್ನೂ ತೋರಿಸಿ, ನೋವು ಅಂತ ಮುಖ ಕಿವುಚಿದಳು. ಅದಕ್ಕೆ ದುಭಾಷಿ ಬೇಕಾಗಲಿಲ್ಲ. ನಾಲ್ಕನೇ ಪಂದ್ಯದಲ್ಲಿ ಇನ್ನೊಂದು ತಂಡ ನಮ್ಮನ್ನು ಆರು ರನ್‌ಗಳಿಂದ ಸೋಲಿಸಿತು. ಆ ಪಂದ್ಯ ನೋಡಲು ಬಂದಿದ್ದ ಅವಳು ಗ್ಯಾಲರಿಯಿಂದ ನನ್ನ ಕಡೆ ಕೈಬೀಸಿ "ಹೆಬ್ಬೂ ಬಸ್, ಹೆಬ್ಬೂ ಬಸ್" ಅಂತ ಕೂಗುತ್ತಿದ್ದಳು.

ಊರಿಗೆ ಬಂದ ವಾರದಲ್ಲಿ ಪೇಪರಿನಲ್ಲಿ ಫೋಟೋ ಬಂತು. ಗುಬ್ಬಿ ತೋಳು ಎತ್ತಿ ಎಸೆಯುತ್ತಿರುವ ಚಿತ್ರ. ಅದರಲ್ಲಿ ನಾನೂ ಇದ್ದೆ, ಮುಖಕ್ಕೆ ಜಾಲರಿ, ಅದೂ ಅರ್ಧ ಕತ್ತರಿಸಿ. ಅಕ್ಕಪಕ್ಕದವರು ಪೇಪರ್ ಹಿಡಿದು, "ನೀನ್ ಎಲ್ಲಮ್ಮಾ ಇದ್ರಲ್ಲಿ?" ಅಂತ ಕೇಳಿದರು. ಬೆರಳಿಟ್ಟು ತೋರಿಸಿದರೆ, ಓ ಅಂತ ಸುಮ್ಮನಾದರು.

ಕುಣಿಗಲ್ಲಿನ ನಮ್ಮ ಹೈಸ್ಕೂಲಿನಲ್ಲಿ ಸನ್ಮಾನ ಇಟ್ಟುಕೊಂಡರು. ನಮ್ಮ ಮೇಡಂ ಗುಬ್ಬಿಯನ್ನೂ ಅವಳ ಅಪ್ಪನನ್ನೂ ಕರೆಸಿದ್ದರು. ಅಮ್ಮ ಮಧ್ಯಾಹ್ನವೇ ಕೆಲಸ ಮುಗಿಸಿ, ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಮುಖ್ಯ ಅತಿಥಿಗಳು ಭಾಷಣದಲ್ಲಿ ಗುಬ್ಬಿಯ ಚೆಂಡಿನ ವೇಗದ ಬಗ್ಗೆ ಬಹಳ ಹೊಗಳಿ, ನನ್ನ ಹೆಸರನ್ನು ತಪ್ಪಾಗಿ ಓದಿ, ಇಬ್ಬರಿಗೂ ಶಾಲು ಹೊದಿಸಿದರು. ಆಮೇಲೆ ಗುಬ್ಬಿಗೆ ನಾಲ್ಕು ಮಾತಾಡಮ್ಮ ಅಂದರು. ನನಗೆ ಹೆದರಿಕೆಯಾಯಿತು. ಕ್ಲಾಸಿನಲ್ಲಿ ಎದ್ದು ನಿಂತು ಹಾಜರಿ ಹೇಳಲೂ ನಾಚುವವಳು ಅವಳು.

ಅವಳು ಮೈಕಿನ ಹತ್ತಿರ ಹೋಗಿ ಬಗ್ಗಿದಳು, ಅದು ಅವಳಿಗೆ ಗಿಡ್ಡವಾಗಿತ್ತು.

"ನಾನ್ ಎಸೆದೆ ಅಷ್ಟೇ," ಅಂದಳು. "ಎಲ್ಲೀಗ್ ಎಸೀಬೇಕು ಅಂತ ಹೇಳಿದ್ದು ಇವ್ಳು. ಕೊನೇ ಬಾಲು ನಾನ್ ಬೇಡ ಅಂದಿದ್ದೆ. ಇವ್ಳೇ ಹಟ ಮಾಡಿ ಹಾಕಿಸಿದ್ದು. ಅದು ತಪ್ಪೋದಾಗ ಮೈಯಲ್ಲ್ ತಡೆದ್ಳು. ಗೆದ್ದಿದ್ದು ಅದ್ರಿಂದ. ಪೇಪರ್ನಲ್ಲಿ ಇವ್ಳ್ ಮುಖ ಬಂದಿಲ್ಲ, ಅದಕ್ಕೇ ಹೇಳ್ದೆ."

ಇಷ್ಟು ಹೇಳಿ ಬಂದು ನನ್ನ ಪಕ್ಕ ಕೂತುಬಿಟ್ಟಳು. ಮಕ್ಕಳು ಚಪ್ಪಾಳೆ ತಟ್ಟಿದರು, ಮೇಡಂ ಎದ್ದು ನಿಂತೇ ತಟ್ಟುತ್ತಿದ್ದರು. ನನಗೆ ತಲೆ ಎತ್ತಿ ಯಾರನ್ನೂ ನೋಡಲಾಗಲಿಲ್ಲ. ಒಂದಷ್ಟು ಹೊತ್ತಾದ ಮೇಲೆ ಅಮ್ಮ ಎಲ್ಲಿದ್ದಾಳೆ ಅಂತ ಹುಡುಕಿದೆ. ಹಿಂದಿನ ಸಾಲಿನಲ್ಲಿದ್ದಳು. ಅವಳು ಚಪ್ಪಾಳೆ ತಟ್ಟುತ್ತಿರಲಿಲ್ಲ. ರೇಷ್ಮೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕುರ್ಚಿಯಿಂದ ಅರ್ಧ ಎದ್ದು, ಎರಡೂ ಅಂಗೈಯನ್ನು ಎದೆಯ ಮುಂದೆ ಚಾಚಿ, ಕ್ಯಾಚರ್ ಅಂದರೆ ಯಾರು, ಹೇಗೆ ಕೂರುತ್ತಾರೆ, ಚೆಂಡು ಎತ್ತ ಕಡೆಯಿಂದ ಬರುತ್ತದೆ ಅಂತ ಪಕ್ಕದ ಹೆಂಗಸಿಗೆ ಬಿಡಿಸಿ ಹೇಳುತ್ತಿದ್ದಳು.